ಟಿವೈನಲ್ಲಿ, ಅಂದರೆ ಡಿಗ್ರಿಯ ಮೂರನೇ ವರ್ಷದಲ್ಲಿ, ಯಾವ ಪೇಪರ್ ತಗೊಂಡಿರಿ ಅಂತ ಕಂಪನಿಯವರು ನೋಡುತ್ತಾರಾ?

ಪ್ರಶ್ನೆ: ನಾನು ಡೊಂಬಿವಲಿಯವಳು, ಮನೆಮಾತು ಕನ್ನಡ. ಮುಂಬೈ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಎಸ್‌ವೈ (ಎರಡನೇ ವರ್ಷದ) ಬಿಎ ಓದುತ್ತಿದ್ದೇನೆ. ಮೇಜರ್ ಅರ್ಥಶಾಸ್ತ್ರ, ಮೈನರ್ ಸಂಖ್ಯಾಶಾಸ್ತ್ರ. ಟಿವೈಗೆ ಎಕನಾಮೆಟ್ರಿಕ್ಸ್ (ಅಂಕಿಅಂಶ ಹಿಡಿದು ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ), ಪರಿಸರ ಅರ್ಥಶಾಸ್ತ್ರ ಇವೆರಡರಲ್ಲಿ ಒಂದನ್ನು ಆರಿಸಬೇಕು. ‘ಎಕನಾಮೆಟ್ರಿಕ್ಸ್‌ನಲ್ಲಿ ಮಾರ್ಕ್ಸ್ ಬರಲ್ಲ, ಕಂಪನಿಯವರು ಪೇಪರ್ ಹೆಸರು ನೋಡೋದೂ ಇಲ್ಲ’ ಅಂತ ಸೀನಿಯರ್‌ಗಳು ಹೇಳುತ್ತಾರೆ. ಅಪ್ಪ ಮಾಟುಂಗಾದ ಹೋಟೆಲೊಂದರಲ್ಲಿ ಕ್ಯಾಷಿಯರ್. ‘ಕೆಲಸ ಸಿಗೋದನ್ನ ತಗೋ’ ಅನ್ನುತ್ತಾರೆ. ಗಣಿತ ನನಗೆ ತೀರಾ ಕಷ್ಟವಲ್ಲ, ಆದರೆ ಭಯವಿದೆ. ಬ್ಯಾಂಕ್ ಅಥವಾ ಡೇಟಾ ಅನಾಲಿಸ್ಟ್ ಕೆಲಸದ ಆಸೆ. ಏನು ಮಾಡಲಿ?

ಉತ್ತರ: ಎಕನಾಮೆಟ್ರಿಕ್ಸ್ ತಗೊಳ್ಳಿ. ಆದರೆ ಆ ಹೆಸರು ಮಾರ್ಕ್ಸ್‌ಕಾರ್ಡಿನಲ್ಲಿದ್ದರೆ ಕೆಲಸ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಸೀನಿಯರ್‌ಗಳ ಮಾತು ಒಂದು ಹಂತದವರೆಗೆ ನಿಜ. ಆ ಹಂತ ಎಲ್ಲಿ ಮುಗಿಯುತ್ತದೆ ಅನ್ನುವುದೇ ಮುಖ್ಯ.

ಖಾಸಗಿ ಕಂಪನಿ ಕಾಲೇಜಿಗೆ ಬಂದಾಗ ಮೊದಲು ತುಂಬಿಸಿಕೊಳ್ಳುವುದು ಒಂದು ಫಾರ್ಮ್. ಅದರಲ್ಲಿ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಡಿಗ್ರಿ ಮೂರರ ಶೇಕಡಾ ಅಂಕ, ಬಾಕಿ ಕೆಟಿ (ಫೇಲಾಗಿ ಇನ್ನೂ ಪಾಸಾಗದ ಪೇಪರ್) ಇದೆಯೇ ಇಲ್ಲವೇ, ಇಷ್ಟೇ. ಹಲವು ಕಡೆ 60% ಗೆರೆ ಇರುತ್ತದೆ, ಬಾಕಿ ಕೆಟಿ ಇದ್ದವರಿಗೆ ಪ್ರವೇಶವಿಲ್ಲ. ಅದಾದ ಮೇಲೆ ಆನ್‌ಲೈನ್ ಪರೀಕ್ಷೆ: ಲೆಕ್ಕ, ತರ್ಕ, ಇಂಗ್ಲಿಷ್. ಇಲ್ಲಿಯವರೆಗೆ ನೀವು ಎಕನಾಮೆಟ್ರಿಕ್ಸ್ ಓದಿದಿರೋ ಪರಿಸರ ಅರ್ಥಶಾಸ್ತ್ರ ಓದಿದಿರೋ ಯಾರಿಗೂ ಗೊತ್ತಾಗುವುದಿಲ್ಲ. ಐರೋಲಿಯ ಬ್ಯಾಕ್ ಆಫೀಸ್ ಆಗಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಬ್ಯಾಂಕ್ ಆಗಲಿ, ನೂರಾರು ಹುಡುಗರನ್ನು ಜರಡಿ ಹಿಡಿಯುವ ಹಂತದಲ್ಲಿ ಪೇಪರುಗಳ ಹೆಸರು ಓದುತ್ತ ಕೂರುವ ಪುರುಸೊತ್ತು ಯಾರಿಗೂ ಇಲ್ಲ.

ಸೀನಿಯರ್‌ಗಳು ಹೇಳದೆ ಬಿಟ್ಟ ಇನ್ನೊಂದು ಸಂಗತಿ ಕ್ಯಾಲೆಂಡರಿನದು. ಕ್ಯಾಂಪಸ್ ಸಂದರ್ಶನಗಳು ಸಾಮಾನ್ಯವಾಗಿ 5ನೇ ಸೆಮಿಸ್ಟರಿನಲ್ಲೇ ಶುರುವಾಗುತ್ತವೆ. ಆಗ ನಿಮ್ಮ ಕೈಯಲ್ಲಿರುವುದು ಮೊದಲ 4 ಸೆಮಿಸ್ಟರಿನ ಅಂಕಪಟ್ಟಿ ಮಾತ್ರ. 6ನೇ ಸೆಮಿಸ್ಟರಿನಲ್ಲಿ ಎಂಥ ಒಳ್ಳೆಯ ಪೇಪರ್ ಇದ್ದರೂ ಆ ದಿನ ಅದಿನ್ನೂ ಶುರುವೂ ಆಗಿರುವುದಿಲ್ಲ. ಎಕನಾಮೆಟ್ರಿಕ್ಸ್ ಎರಡು ಸೆಮಿಸ್ಟರಿನಲ್ಲೂ ಸಿಗುವಂತಿದ್ದರೆ 5ನೆಯದರಲ್ಲಿ ಹಾಕಿಕೊಳ್ಳಿ. 6ರಲ್ಲಿ ಮಾತ್ರ ಇದ್ದರೆ ಈ ಬೇಸಿಗೆ ರಜೆಯಲ್ಲೇ ಮೊದಲ ಮೂರ್ನಾಲ್ಕು ಅಧ್ಯಾಯ ಸ್ವಂತವಾಗಿ ಮುಗಿಸಿಬಿಡಿ. ಜುಲೈನಲ್ಲಿ ಶುರುವಾಗುವ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ತಾಣ) ಕೋರ್ಸುಗಳಲ್ಲಿ ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಹುಡುಕಿ ನೋಡಿ. ಅಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಯಾದ್ದರಿಂದ ಮೊಬೈಲಿನಲ್ಲಿ ವಿಡಿಯೋ ಓಡಿಸಿ ಪಡೆಯುವ ಸರ್ಟಿಫಿಕೇಟಿಗಿಂತ ಅದಕ್ಕೆ ತೂಕ ಹೆಚ್ಚು.

ಈಗ ಮಾರ್ಕ್ಸಿನ ಭಯ. ಇದನ್ನು ಲೆಕ್ಕ ಹಾಕಿ ನೋಡೋಣ, ಏಕೆಂದರೆ ಈ ಭಯಕ್ಕೇ ಬಹಳ ಜನ ಒಳ್ಳೆಯ ಪೇಪರ್ ಬಿಡುತ್ತಾರೆ. ಸೆಮಿಸ್ಟರಿಗೆ 22 ಕ್ರೆಡಿಟ್‌ನಂತೆ 6 ಸೆಮಿಸ್ಟರಿಗೆ 132 ಕ್ರೆಡಿಟ್. ನಿಮ್ಮ ಐಚ್ಛಿಕ ಪೇಪರ್ 4 ಕ್ರೆಡಿಟ್ಟಿನದು ಅನ್ನೋಣ. ಸುಲಭದ ಪೇಪರಿನಲ್ಲಿ ಗ್ರೇಡ್ ಪಾಯಿಂಟ್ 9 ಬರುತ್ತಿತ್ತು, ಕಷ್ಟದ್ದರಲ್ಲಿ 7 ಬಂತು. ವ್ಯತ್ಯಾಸ 2, ಅದನ್ನು 4ರಿಂದ ಗುಣಿಸಿದರೆ 8. ಇದನ್ನು 22ರಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ 0.36ರಷ್ಟು ಇಳಿಯುತ್ತದೆ, ಆ ಕ್ಷಣಕ್ಕೆ ಹೊಟ್ಟೆ ಉರಿಯುತ್ತದೆ. ಆದರೆ ಫಾರ್ಮಿನಲ್ಲಿ ಕೇಳುವುದು ಒಟ್ಟು ಸಿಜಿಪಿಎ. ಅಲ್ಲಿ 8ನ್ನು 132ರಿಂದ ಭಾಗಿಸಬೇಕು, ಉತ್ತರ 0.06. ಒಂದು ಪೇಪರ್ ನಿಮ್ಮ ಡಿಗ್ರಿಯ ಅಂಕವನ್ನು ಕದಲಿಸುವುದು ಇಷ್ಟೇ. ನೀವು 60% ಗೆರೆಗೆ ಅಂಟಿಕೊಂಡು ನಿಂತಿಲ್ಲವಾದರೆ ಇದು ಲೆಕ್ಕಕ್ಕೇ ಬಾರದ ನಷ್ಟ. ನಿಜವಾದ ಅಪಾಯ ಕೆಟಿ. ಫೇಲಾದ ಒಂದು ಪೇಪರ್ ನಿಮ್ಮನ್ನು ಫಾರ್ಮಿನ ಹಂತದಲ್ಲೇ ಹೊರಗಿಡಬಹುದು. ಹಾಗಾಗಿ ‘ಇದರಲ್ಲಿ 90 ಬರುತ್ತದೆಯೇ’ ಅಂತ ಯೋಚಿಸಬೇಡಿ. ‘ಇದರಲ್ಲಿ ಧೈರ್ಯವಾಗಿ 55 ದಾಟಬಲ್ಲೆನೇ’ ಅಂತ ಕೇಳಿಕೊಳ್ಳಿ. ಮೈನರ್ ಸಂಖ್ಯಾಶಾಸ್ತ್ರ ಇರುವ ನಿಮಗೆ ಅದು ಆಗದ ಮಾತಲ್ಲ.

ಜೊತೆಗೇ ಒಂದು ಎಚ್ಚರಿಕೆ. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವಾಗ ಕಣ್ಣುಮುಚ್ಚಿ 9.5ರಿಂದ ಗುಣಿಸಬೇಡಿ. ಅದು ಸಿಬಿಎಸ್‌ಇ ತನ್ನ ಹತ್ತನೇ ತರಗತಿಗೆ ಕೊಟ್ಟಿದ್ದ ಸೂತ್ರ. ನಿಮ್ಮ ಕೋರ್ಸಿಗೆ ನಿಮ್ಮ ವಿಶ್ವವಿದ್ಯಾಲಯ ಕೊಟ್ಟಿರುವ ಸೂತ್ರವನ್ನೇ ಬಳಸಿ, ಅದರ ಪ್ರತಿ ಇಟ್ಟುಕೊಳ್ಳಿ. ದಾಖಲೆ ಪರಿಶೀಲನೆಯಲ್ಲಿ ಅಂಕ ತಾಳೆಯಾಗದೆ ಕೈಗೆ ಬಂದ ಆಫರ್ ತಪ್ಪಿಹೋಗಬಹುದು.

ಪೇಪರಿನ ಹೆಸರಿಗೆ ಜೀವ ಬರುವುದು ಸಂದರ್ಶನದ ಕೋಣೆಯಲ್ಲಿ. ಸಂದರ್ಶನ ಮಾಡುವವರು ಎಷ್ಟೋ ಸಲ ನಿಮ್ಮ ರೆಸ್ಯುಮೆ ಮೊದಲ ಸಲ ನೋಡುವುದೇ ನೀವು ಕುರ್ಚಿ ಎಳೆದು ಕೂರುವಾಗ. ಕಣ್ಣಿಗೆ ಬಿದ್ದ ಒಂದು ಸಾಲು ಹಿಡಿದು ಮಾತು ಶುರುಮಾಡುತ್ತಾರೆ. ಅಲ್ಲಿ ಎಕನಾಮೆಟ್ರಿಕ್ಸ್ ಎಂದಿದ್ದರೆ ಬರುವ ಪ್ರಶ್ನೆ ಬಹುಶಃ ಹೀಗಿರುತ್ತದೆ: ‘ಆರ್ ಸ್ಕ್ವೇರ್ 0.9 ಬಂತು. ಹಾಗಾದರೆ ನಿಮ್ಮ ಮಾಡೆಲ್ ಚೆನ್ನಾಗಿದೆಯೇ?’ ನೋಟ್ಸ್ ಬಾಯಿಪಾಠ ಮಾಡಿದವರು ‘ಹೌದು ಸರ್, 90% ವ್ಯತ್ಯಾಸವನ್ನು ವಿವರಿಸುತ್ತದೆ’ ಅನ್ನುತ್ತಾರೆ. ಸ್ವತಃ ಕೆಲಸ ಮಾಡಿದವರು ‘ಹೋಲಿಸುವ ಎರಡೂ ಕಾಲದ ಜೊತೆ ಏರುತ್ತಾ ಹೋಗುವ ಸಂಖ್ಯೆಗಳಾದರೆ ಸಂಬಂಧ ಇಲ್ಲದಿದ್ದರೂ ಅಷ್ಟು ಬರಬಹುದು. ಹಾಲಿನ ದರವನ್ನೂ ಬ್ಯಾಂಕ್ ಠೇವಣಿಯನ್ನೂ ಪಕ್ಕಪಕ್ಕ ಇಟ್ಟರೂ ಬರುತ್ತದೆ. ಏರಿಳಿತಗಳನ್ನು ಹೋಲಿಸಿ ನೋಡಬೇಕು’ ಅನ್ನುತ್ತಾರೆ. ಎರಡನೇ ಉತ್ತರ ಕೊಟ್ಟ ಹುಡುಗಿಯ ಕಡೆಗೆ ಆ ಕೋಣೆಯ ಗಮನ ತಿರುಗುತ್ತದೆ. ಪೇಪರ್ ತಗೊಂಡು ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ತಗೊಳ್ಳದೇ ಇದ್ದವರಿಗಿಂತ ಹೆಚ್ಚು ಹಾನಿ ನಿಮಗೆ, ಏಕೆಂದರೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟದ್ದು ನಿಮ್ಮದೇ ರೆಸ್ಯುಮೆ.

ಹಾಗಾಗಿ ಪೇಪರಿನ ಜೊತೆ ಒಂದು ಪ್ರಾಜೆಕ್ಟ್ ಇರಲೇಬೇಕು. ನಿಮ್ಮ ಪತ್ರ ಓದಿದಾಗ ನನಗೆ ತಕ್ಷಣ ಹೊಳೆದದ್ದು ನಿಮ್ಮ ತಂದೆಯವರ ಹೋಟೆಲಿನ ಖರೀದಿ ಪುಸ್ತಕ. ದಿನಾ ಬರುವ ಈರುಳ್ಳಿ ಎಷ್ಟು ಕಿಲೋ, ದರ ಎಷ್ಟು ಅನ್ನುವುದು ಅದರಲ್ಲಿರುತ್ತದೆ. ಇನ್ನೊಂದು ಕಡೆ ಸರ್ಕಾರದ ಆಗ್‌ಮಾರ್ಕ್‌ನೆಟ್ ತಾಣದಲ್ಲಿ ಮಾರುಕಟ್ಟೆಗಳ ದಿನದ ದರ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ವಾಶಿ ಎಪಿಎಂಸಿಯ ಈರುಳ್ಳಿ ದರ ಇಳಿಸಿಕೊಳ್ಳಿ. ನಿಮ್ಮ ಪ್ರಶ್ನೆ ಒಂದೇ ಸಾಲಿನದು: ವಾಶಿಯಲ್ಲಿ ಈರುಳ್ಳಿ ಕಿಲೋಗೆ 1 ರೂಪಾಯಿ ಏರಿದರೆ ಮಾಟುಂಗಾದ ಹೋಟೆಲಿಗೆ ಅದೇ ವಾರ ಎಷ್ಟು ಏರುತ್ತದೆ, ಮುಂದಿನ ವಾರ ಎಷ್ಟು?

ಮೊದಲು ಹೋಟೆಲ್ ಯಜಮಾನರ ಒಪ್ಪಿಗೆ ಪಡೆಯಿರಿ. ಹೋಟೆಲಿನ ಹೆಸರನ್ನಾಗಲಿ ಪೂರೈಕೆದಾರರ ಹೆಸರನ್ನಾಗಲಿ ಎಲ್ಲೂ ಬರೆಯುವುದಿಲ್ಲ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಆಮೇಲೆ ಎರಡು ವರ್ಷದ, ಅಂದರೆ 104 ವಾರದ ದರಗಳನ್ನು ಎಕ್ಸೆಲ್‌ಗೆ ಏರಿಸಿ. ಎಡವುವುದು ಇಲ್ಲೇ. ಆಗ್‌ಮಾರ್ಕ್‌ನೆಟ್ ದರ ಕ್ವಿಂಟಲಿಗೆ, ಹೋಟೆಲಿನದು ಕಿಲೋಗೆ, ಆದ್ದರಿಂದ ಮೊದಲನೆಯದನ್ನು 100ರಿಂದ ಭಾಗಿಸಬೇಕು. ಅಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ಮಾಲು ಮಾರಾಟವಾದ ದರ) ಎಂದು ಮೂರು ದರಗಳಿರುತ್ತವೆ. ಮೋಡಲ್ ತಗೊಳ್ಳಿ, ಏಕೆಂದರೆ ಒಂದು ಕೊಳೆತ ಲಾಟ್ ಅಥವಾ ಒಂದು ಒಳ್ಳೇ ಲಾಟ್ ಉಳಿದೆರಡನ್ನು ಎಲ್ಲಿಗೋ ಎಳೆದುಬಿಡುತ್ತದೆ. ಹರಾಜು ಇಲ್ಲದ ದಿನ ಜಾಗ ಖಾಲಿ ಇರುತ್ತದೆ. ಖಾಲಿಯನ್ನು ಸೊನ್ನೆ ಮಾಡಿದಿರೋ ಇಡೀ ಲೆಕ್ಕ ಕೆಟ್ಟಿತು. ಖಾಲಿಯಾಗಿಯೇ ಬಿಟ್ಟು ವಾರದ ಸರಾಸರಿ ತೆಗೆಯಿರಿ. ಮುಂಗಾರಿನ ಕೆಂಪು ಈರುಳ್ಳಿ ಬೇರೆ, ಮಾರ್ಚ್–ಏಪ್ರಿಲ್‌ನಲ್ಲಿ ಬಂದು ತಿಂಗಳುಗಟ್ಟಲೆ ದಾಸ್ತಾನಿನಲ್ಲಿ ಉಳಿಯುವ, ನಾಸಿಕ್ ಕಡೆ ಉನ್ಹಾಳ್ ಅನ್ನುವ ಈರುಳ್ಳಿ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವ ವಾರಗಳಲ್ಲಿ ದರ ಜಿಗಿದರೆ ಅದು ಬೆಲೆ ಏರಿಕೆಯೇ ಆಗಿರಬೇಕೆಂದಿಲ್ಲ, ಮಾಲೇ ಬದಲಾಗಿರಬಹುದು. ಹೋಟೆಲಿನ ದರದೊಳಗೆ ಸಾಗಾಟ, ಹಮಾಲಿ ಸೇರಿದೆಯೇ ಎಂದು ಅಪ್ಪನನ್ನು ಕೇಳಿ. ಒಂದು ಪೂರೈಕೆದಾರನನ್ನು ಬಿಟ್ಟು ಇನ್ನೊಬ್ಬನಿಗೆ ಬದಲಾದ ದಿನ ಯಾವುದು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಪುಸ್ತಕದಲ್ಲಿ ಬರೆದಿರದ ಇಂಥ ವಿವರಗಳೇ ಆಮೇಲೆ ಸಂದರ್ಶನದಲ್ಲಿ ನಿಮ್ಮ ಕೈಹಿಡಿಯುವುದು.

ಇನ್ನು ಲೆಕ್ಕ. ಮೊದಲು ವಾಶಿಯದು, ಹೋಟೆಲಿನದು ಎರಡೂ ದರಗಳನ್ನು ಹಾಗೇ ಇಟ್ಟು ಸಂಬಂಧ ನೋಡಿ, ಸಂಖ್ಯೆ ದೊಡ್ಡದಾಗಿ ಬರುತ್ತದೆ, ಅದನ್ನು ನಂಬಬೇಡಿ. ಪ್ರತಿ ವಾರದ ದರದಿಂದ ಹಿಂದಿನ ವಾರದ್ದನ್ನು ಕಳೆದು ಎರಡು ಹೊಸ ಕಾಲಂ ಮಾಡಿ, ಅವುಗಳ ಮೇಲೆ ಎಕ್ಸೆಲ್‌ನ ಡೇಟಾ ಅನಾಲಿಸಿಸ್ ಟೂಲ್‌ಪ್ಯಾಕ್‌ನಲ್ಲಿ ರಿಗ್ರೆಶನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಓಡಿಸಿ. ವಾಶಿಯ ಕಾಲಮನ್ನು ಒಂದು ಸಾಲು ಕೆಳಗೆ ಸರಿಸಿ ಇನ್ನೊಂದು ಕಾಲಂ ಮಾಡಿದರೆ ಕಳೆದ ವಾರದ ಪರಿಣಾಮವೂ ಸಿಗುತ್ತದೆ. ಎಕ್ಸೆಲ್ ಸಾಕಾಗದು ಅನಿಸಿದರೆ ಗ್ರೆಟ್ಲ್ ಎಂಬ ಉಚಿತ ತಂತ್ರಾಂಶವಿದೆ. 2023ರ ಡಿಸೆಂಬರ್‌ನಿಂದ 2024ರ ಮೇ ಮೊದಲ ವಾರದವರೆಗೆ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತ್ತು. ಪುಸ್ತಕ ಅಷ್ಟು ಹಿಂದಕ್ಕೆ ಹೋಗುವಂತಿದ್ದರೆ ಆ ವಾರಗಳಿಗೆ 1, ಉಳಿದವಕ್ಕೆ 0 ಎಂದು ಒಂದು ಕಾಲಂ ಸೇರಿಸಿ, ಉತ್ತರ ಬದಲಾಗುತ್ತದೆಯೇ ನೋಡಿ. ದಿನಕ್ಕೆ ಒಂದೂವರೆ ಗಂಟೆಯಂತೆ ಮೂರು ವಾರದ ಕೆಲಸ. ಅದರಲ್ಲಿ ಎರಡು ವಾರ ಪುಸ್ತಕದಿಂದ ಟೈಪ್ ಮಾಡುವುದಕ್ಕೇ ಹೋಗುತ್ತದೆ. ಬೇಸರಪಡಬೇಡಿ, ಅನಾಲಿಸ್ಟ್ ಕೆಲಸದಲ್ಲೂ ಹೆಚ್ಚಿನ ಹೊತ್ತು ಕಳೆಯುವುದು ಮಾಹಿತಿ ಸ್ವಚ್ಛಗೊಳಿಸುವುದರಲ್ಲೇ.

ಈಗ ರೆಸ್ಯುಮೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಓದಿದ ವಿಷಯಗಳು: ಮೈಕ್ರೋ, ಮ್ಯಾಕ್ರೋ, ಪಬ್ಲಿಕ್ ಫೈನಾನ್ಸ್, ಇಂಟರ್‌ನ್ಯಾಷನಲ್ ಟ್ರೇಡ್, ಎಕನಾಮೆಟ್ರಿಕ್ಸ್…’ ಹೀಗೆ ಹನ್ನೆರಡು ಹೆಸರು. ಇದರಿಂದ ಏನೂ ತಿಳಿಯುವುದಿಲ್ಲ. ನೀವು ಬರೆಯಬೇಕಾದದ್ದು ಈ ಅರ್ಥದ ಎರಡು ಸಾಲು: ‘ಎಕನಾಮೆಟ್ರಿಕ್ಸ್, ಸಂಖ್ಯಾಶಾಸ್ತ್ರ (ಮೈನರ್). ಪ್ರಾಜೆಕ್ಟ್: ವಾಶಿ ಸಗಟು ದರ ಒಂದು ಹೋಟೆಲಿನ ಖರೀದಿ ದರವನ್ನು ಎಷ್ಟು ಬೇಗ ತಟ್ಟುತ್ತದೆ, 104 ವಾರಗಳ ಮಾಹಿತಿ ಕೈಬರಹದ ಪುಸ್ತಕದಿಂದ ಸಂಗ್ರಹ, ಎಕ್ಸೆಲ್‌ನಲ್ಲಿ ರಿಗ್ರೆಶನ್.’ ಬಂದ ಉತ್ತರ ಚಿಕ್ಕದಿರಲಿ, ನೀವು ಎಣಿಸಿದ್ದಕ್ಕೆ ಉಲ್ಟಾ ಬಂದಿರಲಿ, ಅದನ್ನೇ ಬರೆಯಿರಿ. ಅರ್ಜಿ ಹಾಕುವ ಮೊದಲು ನಿಮಗೆ ಬೇಕಾದ ಹುದ್ದೆಯ 20 ಜಾಹೀರಾತು ತೆಗೆದು, ಯಾವ ಕೌಶಲ್ಯ ಎಷ್ಟು ಸಲ ಬಂದಿದೆ ಎಂದು ಗೀಟು ಹಾಕಿ ಎಣಿಸಿ. ಡೇಟಾ ಅನಾಲಿಸ್ಟ್ ಹುದ್ದೆಗೆ ಎಕ್ಸೆಲ್, ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಮತ್ತೆ ಮತ್ತೆ ಕಾಣುತ್ತವೆ. ಎಸ್‌ಕ್ಯೂಎಲ್ ಬಿಎ ಸಿಲೆಬಸ್ಸಿನಲ್ಲಿ ಸಿಗುವುದು ಅಪರೂಪ, ನೀವೇ ಕಲಿಯಬೇಕು. ಇನ್ನರ್ ಜಾಯಿನ್‌ಗೂ ಲೆಫ್ಟ್ ಜಾಯಿನ್‌ಗೂ ಏನು ವ್ಯತ್ಯಾಸ ಎಂಬುದನ್ನು ಎರಡು ಸಣ್ಣ ಪಟ್ಟಿ ಬರೆದು ತೋರಿಸುವಷ್ಟಾದರೂ.

ಓಜೆಟಿ, ಅಂದರೆ ಆನ್ ಜಾಬ್ ಟ್ರೇನಿಂಗ್, ಇದರ ಬಗ್ಗೆಯೂ ಒಂದು ಮಾತು. 4 ಕ್ರೆಡಿಟ್ಟಿಗೆ 120 ಗಂಟೆ. ಪರಿಚಯದವರ ಅಂಗಡಿಯಿಂದ ಸಹಿ ಹಾಕಿಸಿಕೊಂಡು ಮುಗಿಸಿಬಿಡುವವರು ಬಹಳ. ಐಚ್ಛಿಕ ಪೇಪರಿಗಿಂತ ದೊಡ್ಡ ಅವಕಾಶವನ್ನು ಅವರು ಕೈಯಾರೆ ಕಳೆದುಕೊಳ್ಳುತ್ತಾರೆ. ಸಹಕಾರಿ ಬ್ಯಾಂಕ್, ಪತಸಂಸ್ಥೆ (ಸಾಲ ಸಹಕಾರ ಸಂಘ), ಸಿಎ ಕಚೇರಿ, ಎಲ್ಲಾದರೂ ಸರಿ, ನಿಜವಾದ ಸಂಖ್ಯೆಗಳ ಜೊತೆ ಆ 120 ಗಂಟೆ ಕೂರಿ.

ಇಷ್ಟು ಹೊತ್ತು ಹೇಳಿದ್ದು ಖಾಸಗಿಯವರ ವಿಷಯ. ಸರ್ಕಾರಿ ನೇಮಕಾತಿಯಲ್ಲಿ ಕತೆ ಪೂರ್ತಿ ಬೇರೆ, ನಿಮ್ಮ ಮಟ್ಟಿಗೆ ಇದೇ ಅತಿ ಮುಖ್ಯ. ಅಲ್ಲಿ ಕೆಲವು ಹುದ್ದೆಗಳಿಗೆ ಯಾವ ವಿಷಯ ಎಷ್ಟು ಸೆಮಿಸ್ಟರ್ ಓದಿದಿರಿ ಅನ್ನುವುದೇ ಅರ್ಹತೆ. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಸ್ಟಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಗ್ರೇಡ್ 2 ಹುದ್ದೆಗೆ ಸಂಖ್ಯಾಶಾಸ್ತ್ರವನ್ನು ಡಿಗ್ರಿಯ ಮೂರೂ ವರ್ಷ, ಅಂದರೆ ಆರೂ ಸೆಮಿಸ್ಟರ್ ಓದಿರಬೇಕು. ಜೂನಿಯರ್ ಸ್ಟಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಹನ್ನೆರಡನೇ ತರಗತಿಯ ಗಣಿತದಲ್ಲಿ 60% ಇರಬೇಕು, ಇಲ್ಲವೇ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್‌ಗೂ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಬೇಕು. ನಿಮ್ಮ ಮೈನರ್‌ಗೆ ಇಷ್ಟು ಬಾಗಿಲು ತೆರೆಯುವ ಶಕ್ತಿ ಇದೆ. ಆದರೆ ಹೊಸ ಶಿಕ್ಷಣ ನೀತಿಯ ರಚನೆಯಲ್ಲಿ ಮೈನರ್ ಎಲ್ಲ ಸೆಮಿಸ್ಟರಿನಲ್ಲೂ ಇರಲೇಬೇಕೆಂದಿಲ್ಲ. ನಿಮ್ಮ ಕಾಲೇಜಿನ ಕೋಷ್ಟಕ ತೆರೆದು, ಒಂದರಿಂದ ಆರರವರೆಗೆ ಯಾವ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರದ ಪೇಪರ್ ಇಲ್ಲ ಎಂದು ಬೆರಳಿಟ್ಟು ನೋಡಿ. ಮುಂದಿನ ಸೆಮಿಸ್ಟರಿನಲ್ಲಿ ಖಾಲಿ ಕಂಡರೆ ಆ ವಿಷಯದ ಪೇಪರನ್ನು ಬೇರೆ ಯಾವ ಶೀರ್ಷಿಕೆಯಡಿ ತಗೊಳ್ಳಬಹುದು ಎಂದು ಈಗಲೇ ವಿಭಾಗ ಮುಖ್ಯಸ್ಥರನ್ನು ಕೇಳಿ. ಅಂಕಪಟ್ಟಿಯಲ್ಲಿ ಸಂಖ್ಯಾಶಾಸ್ತ್ರ ಎಂಬ ಪದ ಕಾಣಿಸಬೇಕು. ‘ಕ್ವಾಂಟಿಟೇಟಿವ್ ಟೆಕ್ನಿಕ್ಸ್’ ಎಂದಿದ್ದರೆ ದಾಖಲೆ ಪರಿಶೀಲನೆಯಲ್ಲಿ ತಕರಾರು ಬರಬಹುದು. ಆಗ ಸಿಲೆಬಸ್ ಪ್ರತಿ ಮತ್ತು ಕಾಲೇಜಿನ ಪತ್ರ ಕೈಯಲ್ಲಿರಲಿ.

ಸಾಮಾನ್ಯ ಬ್ಯಾಂಕ್ ಹುದ್ದೆಗಳಿಗೆ ಈ ತಲೆಬಿಸಿ ಇಲ್ಲ. ಸರ್ಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಯ ಪರೀಕ್ಷೆ ಐಬಿಪಿಎಸ್ ಪಿಒಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಸಾಮಾನ್ಯ ವಿಭಾಗಕ್ಕೂ ಯಾವುದೇ ಡಿಗ್ರಿ, ಸಾಮಾನ್ಯ ವರ್ಗದವರಿಗೆ 60% ಬೇಕು. ಎಂಎ ಅರ್ಥಶಾಸ್ತ್ರದ ಯೋಚನೆಯಿದ್ದರೆ, ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್‌ನಲ್ಲಾಗಲಿ ಗೋರೆಗಾಂವ್‌ನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯಲ್ಲಾಗಲಿ (ಐಜಿಐಡಿಆರ್), ಗಣಿತ ಮತ್ತು ಸಂಖ್ಯಾಶಾಸ್ತ್ರ ಬಿಟ್ಟವರಿಗೆ ಓದು ಬಹಳ ಕಷ್ಟವಾಗುತ್ತದೆ.

ಇದೇ ಗೊಂದಲದಲ್ಲಿರುವ ಬೇರೆಯವರಿಗೂ ಸ್ವಲ್ಪ ಹೇಳಬೇಕು. ಬಿಕಾಂ ಮುಗಿಸಿ ಸಿಎಗೆ ನೇರ ಪ್ರವೇಶ ಬಯಸುವವರಿಗೆ 55% ಸಾಕು. ಆದರೆ ಲೆಕ್ಕಶಾಸ್ತ್ರ, ಆಡಿಟಿಂಗ್, ಕಾನೂನು, ತೆರಿಗೆ, ಕಾಸ್ಟಿಂಗ್, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್ ಮುಂತಾದ ಪಟ್ಟಿಯಿಂದ 100 ಅಂಕದ ಕನಿಷ್ಠ ಮೂರು ಪೇಪರ್ ಓದಿರಬೇಕು. ಬೇರೆ ಪದವೀಧರರಿಗೆ 60% ಬೇಕು. ಗೋವಾದಲ್ಲಿ ಬಿಎಸ್ಸಿ ರಸಾಯನಶಾಸ್ತ್ರ ಓದಿ ವೆರ್ಣಾದ ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗಕ್ಕೆ ಹೋಗಬೇಕೆನ್ನುವವರು ಅನಲಿಟಿಕಲ್ ಪೇಪರ್ ಬಿಡಬೇಡಿ. ಬಫರ್ ಮಾಡುವುದು, ಎಚ್‌ಪಿಎಲ್‌ಸಿ (ಮಿಶ್ರಣದ ಅಂಶ ಬೇರ್ಪಡಿಸುವ ಯಂತ್ರ) ಪೀಕ್ ಓದುವುದು ಹೇಗೆ ಎಂದು ಅಲ್ಲಿ ಮೊದಲ ದಿನವೇ ಕೇಳುತ್ತಾರೆ. ಪುಣೆಯ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಮಾತ್ರ ಇದಕ್ಕೆ ಉಲ್ಟಾ. ಬಿಇ ಐಚ್ಛಿಕದಲ್ಲಿ ಇಲೆಕ್ಟ್ರಿಕ್ ವಾಹನ ತಗೊಂಡು ಚಾಕಣದ ಸಂದರ್ಶನದಲ್ಲಿ ಬೆಂಡಿಂಗ್ ಮೊಮೆಂಟ್ ಚಿತ್ರ ಬರೆಯಲಾಗದೆ ಸಿಕ್ಕಿಬೀಳುತ್ತಾರೆ. ಅವರಿಗೆ ಐಚ್ಛಿಕಕ್ಕಿಂತ ಎಸ್‌ಇಯ, ಅಂದರೆ ಎರಡನೇ ವರ್ಷದ, ಮೂಲ ಪೇಪರುಗಳೇ ಮುಖ್ಯ. ಇನ್ನು ಡಿಗ್ರಿಯಲ್ಲಿ ಕನ್ನಡ ತಗೊಂಡರೆ ಕರ್ನಾಟಕದ ಬ್ಯಾಂಕ್ ಕೆಲಸಕ್ಕೆ ಅನುಕೂಲವೇ ಎಂದು ಕೇಳುವವರಿದ್ದಾರೆ. ಸ್ಟೇಟ್ ಬ್ಯಾಂಕಿನ ಕ್ಲರ್ಕ್ ನೇಮಕಾತಿಯಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆಯಿಂದ ವಿನಾಯಿತಿ ಕೊಡುವುದು ಹತ್ತು ಅಥವಾ ಹನ್ನೆರಡನೇ ತರಗತಿಯ ಅಂಕಪಟ್ಟಿ ನೋಡಿ. ಅಲ್ಲಿ ಕನ್ನಡ ಇಲ್ಲದವರು ಆ ಪರೀಕ್ಷೆ ಬರೆಯಬೇಕು, ಓದಲು ಬರೆಯಲು ಬಂದರೆ ಅದಕ್ಕೆ ಹೆದರಬೇಕಾಗಿಲ್ಲ. ಡಿಗ್ರಿಯ ಕನ್ನಡ ಪೇಪರನ್ನು ಪ್ರೀತಿಯಿಂದ ತಗೊಳ್ಳಿ, ಆ ವಿನಾಯಿತಿಗೆಂದು ಬೇಡ.

ಐಚ್ಛಿಕದ ಫಾರ್ಮ್ ಕೊಡುವ ಮುನ್ನ ಮೂರು ವಿಷಯ ವಿಚಾರಿಸಿಕೊಳ್ಳಿ. ಎಕನಾಮೆಟ್ರಿಕ್ಸ್ ಕಲಿಸಲು ಪ್ರಾಧ್ಯಾಪಕರು ಇದ್ದಾರೆಯೇ, ಹುದ್ದೆ ಖಾಲಿಯೇ? ತರಗತಿ ನಡೆಯಲು ಎಷ್ಟು ಜನ ಸೇರಬೇಕು? ಹಿಂದಿನ ಎರಡು ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕ ಎಷ್ಟು, ವ್ಯಾಖ್ಯೆ ಎಷ್ಟು? ಜನ ಸೇರದೆ ತರಗತಿ ರದ್ದಾದರೆ ನಿಮ್ಮನ್ನು ಪರಿಸರ ಅರ್ಥಶಾಸ್ತ್ರಕ್ಕೇ ಕೂರಿಸುತ್ತಾರೆ. ಅದರಿಂದ ಎದೆಗುಂದಬೇಕಾಗಿಲ್ಲ. ಈರುಳ್ಳಿ ಪ್ರಾಜೆಕ್ಟ್ ಮಾಡಲು ಯಾರ ಅನುಮತಿಯೂ ಬೇಡ, ಹೋಟೆಲ್ ಯಜಮಾನರದ್ದೊಂದು ಬಿಟ್ಟು. ಹಳೆಯ ಖರೀದಿ ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಎತ್ತಿಡುವಂತೆ ಇವತ್ತೇ ಅಪ್ಪನಿಗೆ ಹೇಳಿ.